ಕೂಲಿಮಠದಿಂದ ವಿಶ್ವವಿದ್ಯಾನಿಲಯದವರೆಗೆ: ನಮ್ಮ ಶಿಕ್ಷಣವ್ಯವಸ್ಥೆ ಬೆಳೆದು ಬಂದ ಬಗೆ

ದೇವಾಲಯವನ್ನು ಕಟ್ಟುವವರು ಮೊದಲು ಅಡಿಪಾಯವನ್ನು ತೋಡುತ್ತಾರೆ; ಅನಂತರ ಗೋಡೆಯನ್ನೆತ್ತಿ, ಶಿಖರವನ್ನು ಪೂರೈಸಿ, ಕಟ್ಟಕಡೆಗೆ ಕಳಸವನ್ನಿಡುತ್ತಾರೆ. ಮನೆಯನ್ನು ಕಟ್ಟುವವರ ಕ್ರಮವೂ ಇದೇ. ಆದರೆ ನಮ್ಮ ದೇಶದ ಆಧುನಿಕ ಶಿಕ್ಷಣವ್ಯವಸ್ಥೆಯ ಇತಿಹಾಸವನ್ನು ಅವಲೋಕಿಸಿದರೆ ಇದಕ್ಕೆ ತೀರ ವಿಪರೀತವಾದ ಕ್ರಮವೊಂದು ಕಂಡುಬರುತ್ತದೆ. ಭಾರತದ ಮೊದಲ ಮೂರು ಆಧುನಿಕ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದದ್ದು ೧೮೫೭ರಲ್ಲಿ. ಆರು ವರ್ಷದಿಂದ ಹದಿನಾಲ್ಕು ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣವು ಕಾನೂನುಬದ್ಧವಾದ ಹಕ್ಕಾಗಿ ಜಾರಿಗೆ ಬಂದದ್ದು ೨೦೧೦ರ ಏಪ್ರಿಲ್ ೧ರಂದು. ಇವೆರಡರ ನಡುವೆ ನೂರೈವತ್ತಕ್ಕೂ ಮಿಕ್ಕ ವರ್ಷಗಳ ಅಂತರವಿದೆ. ಕಳಸವನ್ನು ಮೊದಲು ಇಟ್ಟು, ತಳಹದಿಯನ್ನು ಕೊನೆಗೆ ತೋಡಿದಂತಾಯಿತು. ಹೀಗೇಕಾಯಿತು, ಇದರಿಂದ ನಮ್ಮ ಮಕ್ಕಳಿಗೆ ಆದ ಲಾಭ ನಷ್ಟಗಳೇನು, ಈ ತಳಹದಿಯ ಕೆಲಸ ಇಂದು ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ವಿಷಯವು ಇಡೀ ದೇಶಕ್ಕೆ ಸಂಬಂಧಿಸಿದ್ದಾದರೂ, ನಿದರ್ಶನಗಳನ್ನು ಹೆಚ್ಚಾಗಿ ಕನ್ನಡ ನಾಡಿನಿಂದಲೇ ಆರಿಸಿಕೊಳ್ಳಲಾಗಿದೆ.

ಶಾಸನಗಳು ಹೇಳುವ ವಿದ್ಯಾಸ್ಥಾನಗಳು

ಕನ್ನಡ ನಾಡಿನಲ್ಲಿ ವಿದ್ಯೆಗೆ ರಾಜರೂ ಮಂತ್ರಿಗಳೂ ಊರವರೂ ಕೊಟ್ಟ ದತ್ತಿಗಳು ಹೇರಳವಾಗಿವೆ. ಬಿಜಾಪುರ ಸೀಮೆಯ ಸಾಲೋಟಗಿಯ ಕ್ರಿ.ಶ. ೯೪೫ರ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನೂ, ಅಲ್ಲಿ ದೂರದೂರದಿಂದ ಬಂದು ನೆಲೆಸಿದ ವಿದ್ಯಾರ್ಥಿಗಳ ವಸತಿಗೆಂದು ಬಿಟ್ಟ ೨೭ ಮನೆಗಳನ್ನೂ ಹೆಸರಿಸುತ್ತದೆ. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸೇರಿದ ಕ್ರಿ.ಶ. ೧೦೫೮ರ ಶಾಸನದಲ್ಲಿ ಇನ್ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳ, ಅವರಿಗೆ ಪಾಠ ಹೇಳುವ ಉಪಾಧ್ಯಾಯರ ಉಲ್ಲೇಖವಿದೆ. ಅವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು ಇದ್ದರೆಂಬುದು ವಿಶೇಷವಾಗಿ ಗಮನಾರ್ಹ. ಬಳ್ಳಿಗಾವೆಯ ಕೋಡಿಯ ಮಠದ ಕ್ರಿ.ಶ. ೧೧೬೨ರ ಶಾಸನವಂತೂ ಸಾಹಿತ್ಯದ ವಿದ್ಯಾರ್ಥಿಗಳಿಗೆ ಸುಪರಿಚಿತವಾದುದು. ಅಲ್ಲಿ ವೇದ, ವ್ಯಾಕರಣ, ಷಡ್ದರ್ಶನ, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು. ಅದೇ ಮಠದಲ್ಲಿ ದೀನರಿಗೆ, ಅನಾಥರಿಗೆ, ಅಂಗವಿಕಲರಿಗೆ ಅನ್ನದಾನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದವು. ಪಾಠ ಮತ್ತು ಅನ್ನ ಒಂದೇ ಸೂರಿನ ಕೆಳಗೆ ನಡೆದ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಸ್ತಾಪ ಮತ್ತೆ ಬರಲಿದೆ.

ಆದರೆ ಈ ವಿದ್ಯಾಸ್ಥಾನಗಳೆಲ್ಲ ಉನ್ನತ ಶಾಸ್ತ್ರಾಧ್ಯಯನಕ್ಕೆ ಮೀಸಲಾದವು. ಅವುಗಳ ಬಾಗಿಲು ಎಲ್ಲ ಕುಲದವರಿಗೂ ತೆರೆದಿರಲಿಲ್ಲ, ಸ್ತ್ರೀಯರಿಗೆ ತೆರೆದಿರಲಿಲ್ಲ ಎಂಬುದನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಹನ್ನೆರಡನೆಯ ಶತಮಾನದ ಶರಣರು ಅನುಭಾವವನ್ನು ಆಡುನುಡಿಯಲ್ಲಿ ಹೇಳಿದರು. ಕಾಯಕದ ಜನರೂ ಸ್ತ್ರೀಯರೂ ವಚನಕಾರರಾದರು. ಇದನ್ನು ಶಿಕ್ಷಣದ ಇತಿಹಾಸದ ದೃಷ್ಟಿಯಿಂದ ನೋಡಿದಾಗ ಅದರ ಮಹತ್ತ್ವ ಇನ್ನೂ ಸ್ಪಷ್ಟವಾಗುತ್ತದೆ.

ಕೂಲಿಮಠ

ಸಾಮಾನ್ಯ ಜನರ ಮಕ್ಕಳು ಓದು ಬರಹ ಲೆಕ್ಕಗಳನ್ನು ಕಲಿತದ್ದು ಊರ ಗುಡಿಯ ಜಗಲಿಯಲ್ಲಿಯೋ, ಮಠದ ಪಡಸಾಲೆಯಲ್ಲಿಯೋ, ಅಯ್ಯನವರ ಮನೆಯ ಕಟ್ಟೆಯಲ್ಲಿಯೋ ನಡೆಯುತ್ತಿದ್ದ ಕೂಲಿಮಠಗಳಲ್ಲಿ. ಓದಿಸಿದ್ದಕ್ಕೆ ಪ್ರತಿಫಲವಾಗಿ ಮಕ್ಕಳ ಮನೆಯವರು ಗುರುವಿಗೆ ಕಾಳು ಕಡಿಯನ್ನೋ ಹಣವನ್ನೋ ಕೂಲಿಯಾಗಿ ಕೊಡುತ್ತಿದ್ದುದರಿಂದ ಆ ಹೆಸರು ಬಂದಿತು. ಹುಡುಗರು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಸಂಜೆ ಸಾಲಾಗಿ ನಿಂತು ಮಗ್ಗಿ ಹೇಳುತ್ತಿದ್ದರು. ಮಹಾನವಮಿಯಲ್ಲಿ ಬಣ್ಣದ ಕೋಲು ಹಿಡಿದು ಮನೆಮನೆಯ ಮುಂದೆ ಪದ ಹಾಡಿ ಗುರುವಿಗೆ ಕಾಣಿಕೆ ಕೂಡಿಸುತ್ತಿದ್ದರು. ಪಾಠ ತಪ್ಪಿದವನಿಗೆ ಕೋದಂಡದ ಶಿಕ್ಷೆಯೂ ಇತ್ತು.

ಈ ಕೂಲಿಮಠಗಳ ಬಗೆಗೆ ಕಟ್ಟುಕತೆಗಳಿಗಿಂತ ಹೆಚ್ಚು ನಂಬಲರ್ಹವಾದ ದಾಖಲೆಯೊಂದು ದೊರೆತಿರುವುದು ನಮ್ಮ ಪುಣ್ಯ. ಮದ್ರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ ೧೮೨೨ರಲ್ಲಿ ತನ್ನ ಪ್ರಾಂತದ ಎಲ್ಲ ಜಿಲ್ಲೆಗಳ ಶಾಲೆಗಳ ಎಣಿಕೆ ಮಾಡಿಸಿದನು. ಇದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ವರದಿ ಇಡೀ ದೇಶದ ಶಿಕ್ಷಣ ಇತಿಹಾಸದಲ್ಲಿಯೇ ಒಂದು ಅಮೂಲ್ಯ ಲೇಖ್ಯವಾಗಿದೆ. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹು ವಿಸ್ತಾರವಾಗಿದ್ದು, ಒಂಬತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯನ್ನು ಹೊಂದಿತ್ತು. ಅದರಲ್ಲಿ ಇದ್ದ ಶಾಲೆಗಳು ೫೩೩. ಇವುಗಳಲ್ಲಿ ೨೩೫ ಕನ್ನಡ ಶಾಲೆಗಳು, ೨೨೬ ತೆಲುಗು ಶಾಲೆಗಳು. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಶಾಲೆಗಳು. ಇಂಗ್ಲಿಷ್ ಶಾಲೆ ಒಂದೇ ಒಂದು. ಓದುತ್ತಿದ್ದವರು ೬,೬೪೧ ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಕೇವಲ ೬೦.

ನಮ್ಮ ವಾಚಕರಿಗೆ ವಿಶೇಷ ಕುತೂಹಲಕಾರಿಯಾದ ಸಂಗತಿಯೆಂದರೆ, ಆ ಶಾಲೆಗಳಲ್ಲಿ ಓದಿಸುತ್ತಿದ್ದ ಪುಸ್ತಕಗಳ ಪಟ್ಟಿಯನ್ನೂ ಕ್ಯಾಂಬೆಲ್ ಕೊಟ್ಟಿದ್ದಾನೆ. ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಗ್ರಂಥಗಳೆಂದು ಅವನು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವೇಶ್ವರ ಪುರಾಣ ಮೊದಲಾದವುಗಳನ್ನು ಹೆಸರಿಸುತ್ತಾನೆ. ಇಂದು ಸ್ನಾತಕೋತ್ತರ ತರಗತಿಯಲ್ಲಿ ಟೀಕೆಯ ನೆರವಿನಿಂದ ಓದುವ ಕಾವ್ಯಗಳು ಅಂದು ಹಳ್ಳಿಯ ಹುಡುಗರ ಬಾಯಿಪಾಠವಾಗಿದ್ದವು ಎಂಬುದು ಹೆಮ್ಮೆಯ ಮಾತೇ. ಆದರೆ ಅದರ ಬೆನ್ನಲ್ಲೇ ಕ್ಯಾಂಬೆಲ್ ಹೇಳುವ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ಕಾವ್ಯದ ಭಾಷೆ ಆಡುನುಡಿಯಿಂದ ದೂರವಾದುದರಿಂದ ಹುಡುಗರು ಅರ್ಥ ತಿಳಿಯದೆ ಗಿಣಿಯಂತೆ ಪದ್ಯಗಳನ್ನು ಒಪ್ಪಿಸುತ್ತಾರೆಂದು ಅವನು ಆಕ್ಷೇಪಿಸಿದ್ದಾನೆ. ಆದರೂ ಅವನು ಮೆಚ್ಚಿಕೊಂಡ ಸಂಗತಿಯೂ ಒಂದುಂಟು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿ ಬಹಳ ಸೊಗಸಾದುದೆಂದೂ, ಇಂಗ್ಲೆಂಡಿನಲ್ಲಿ ಅದನ್ನು ಅನುಕರಿಸಿದ್ದು ಯುಕ್ತವೇ ಆಯಿತೆಂದೂ ಅವನ ಅಭಿಪ್ರಾಯ.

ಈ ವರದಿಯ ಅತ್ಯಂತ ಮುಖ್ಯ ಭಾಗ ಇದಲ್ಲ. ಹಿಂದೆ ಹೆಚ್ಚಾಗಿದ್ದ ಶಾಲೆಗಳು ಏಕೆ ಕಡಿಮೆಯಾದವು ಎಂಬ ಪ್ರಶ್ನೆಯನ್ನು ಕ್ಯಾಂಬೆಲ್ ಎತ್ತುತ್ತಾನೆ. ಯುರೋಪಿನ ಬಟ್ಟೆ ಬಂದು ನೇಕಾರರು ಕೆಲಸ ಕಳೆದುಕೊಂಡರು. ದೇಶದ ಹಣ ಹೊರಗೆ ಹರಿಯಿತು. ಬಡತನ ಹೆಚ್ಚಿ ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿ ದುಡಿಮೆಗೆ ಹಚ್ಚಿದರು. ಹಿಂದಿನ ಅರಸರು ವಿದ್ಯೆಗೆ ಕೊಡುತ್ತಿದ್ದ ನೆರವು ನಿಂತುಹೋಗಿದೆ. ಇರುವ ೫೩೩ ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ಸಹಾಯವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆಂದು ಆ ಅಧಿಕಾರಿಯೇ ಬರೆದಿದ್ದಾನೆ. ಮಗು ಶಾಲೆಗೆ ಬಾರದಿರಲು ಕಾರಣ ವಿದ್ಯೆಯಲ್ಲಿ ಅನಾದರವಲ್ಲ, ಹೊಟ್ಟೆಯ ಹಸಿವು ಎಂಬ ಸತ್ಯವನ್ನು ಇನ್ನೂರು ವರ್ಷಗಳ ಹಿಂದೆಯೇ ಒಬ್ಬ ಕಲೆಕ್ಟರನು ಕಂಡುಕೊಂಡಿದ್ದನು.

ಕಳಸ ಮೊದಲು ಬಂದುದು

ಮನ್ರೋ ೧೮೨೬ರಲ್ಲಿ ಪ್ರತಿ ತಾಲ್ಲೂಕಿಗೊಂದು ಶಾಲೆಯನ್ನು ಸರ್ಕಾರದ ವೆಚ್ಚದಿಂದ ತೆರೆಯುವ ಯೋಜನೆಯನ್ನು ಮುಂದಿಟ್ಟನು. ಮರುವರ್ಷವೇ ಅವನು ತೀರಿಕೊಂಡನು. ಅಷ್ಟರಲ್ಲಿ ಆಳುವವರ ವಿಚಾರಧಾರೆ ಬೇರೆ ದಿಕ್ಕಿಗೆ ತಿರುಗಿತ್ತು. ೧೮೧೩ರ ಸನದು ಕಾಯಿದೆಯಲ್ಲಿ ಶಿಕ್ಷಣಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತೆಗೆದಿಡಬೇಕೆಂದು ವಿಧಿಸಲಾಗಿತ್ತು. ಆ ಹಣವನ್ನು ಯಾವ ವಿದ್ಯೆಗೆ ವೆಚ್ಚ ಮಾಡಬೇಕೆಂಬ ದೀರ್ಘ ವಿವಾದವು ೧೮೩೫ರಲ್ಲಿ ಮೆಕಾಲೆಯ ಟಿಪ್ಪಣಿ ಮತ್ತು ಬೆಂಟಿಂಕನ ನಿರ್ಣಯಗಳಿಂದ ಮುಗಿಯಿತು. ಇಂಗ್ಲಿಷ್ ಭಾಷೆ ಮತ್ತು ಪಾಶ್ಚಾತ್ಯ ವಿದ್ಯೆಗಳಿಗೆ ಜಯ ದೊರೆಯಿತು. ಮೇಲಿನ ವರ್ಗದ ಕೆಲವರಿಗೆ ಉನ್ನತ ವಿದ್ಯೆ ಕೊಟ್ಟರೆ ಅದು ತಾನಾಗಿಯೇ ಕೆಳಗಿನವರಿಗೆ ಸೋಸಿ ಇಳಿಯುತ್ತದೆಂಬುದು ಅಂದಿನ ಆಡಳಿತಗಾರರ ನಂಬಿಕೆ. ೧೮೩೬ರಲ್ಲಿ ಮನ್ರೋನ ತಾಲ್ಲೂಕು ಶಾಲೆಗಳನ್ನು ಕೈಬಿಡಲಾಯಿತು. ತಳಹದಿಗೆಂದು ತಂದಿಟ್ಟ ಕಲ್ಲುಗಳು ಹೀಗೆ ಮೊದಲ ಬಾರಿಗೆ ಮೇಲಿನ ಉಪ್ಪರಿಗೆಗೆ ಸಾಗಿದವು.

೧೮೫೪ರ ವುಡ್‌ನ ಆದೇಶಪತ್ರವು ಸೋಸಿ ಇಳಿಯುವ ಈ ವಾದವನ್ನು ತಿದ್ದಿ, ಜನಸಾಮಾನ್ಯರ ಶಿಕ್ಷಣವೂ ಸರ್ಕಾರದ ಹೊಣೆಯೆಂದು ಒಪ್ಪಿಕೊಂಡಿತು. ಪ್ರಾಂತಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳು ಹುಟ್ಟಿದವು. ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿ ಬಂದಿತು. ಆದರೆ ಆ ಆದೇಶದಲ್ಲಿ ಬಹು ಬೇಗ ಮೈದಾಳಿದ ಭಾಗವೆಂದರೆ ವಿಶ್ವವಿದ್ಯಾನಿಲಯಗಳು. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಅವು ಸ್ಥಾಪಿತವಾದವು. ಅವು ಮೊದಲಿಗೆ ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ದೂರದ ಊರುಗಳ ಕಾಲೇಜುಗಳನ್ನು ಸಂಯೋಜಿಸಿಕೊಂಡು, ಪಠ್ಯ ಗೊತ್ತುಮಾಡಿ, ಪರೀಕ್ಷೆ ನಡೆಸಿ, ಪದವಿ ನೀಡುವುದಷ್ಟೇ ಅವುಗಳ ಕೆಲಸ. ಇದರ ಪರಿಣಾಮ ದೂರಗಾಮಿಯಾಯಿತು. ಕಾಲೇಜಿನ ಪಾಠ ವಿಶ್ವವಿದ್ಯಾನಿಲಯದ ಪರೀಕ್ಷೆಗಾಗಿ, ಪ್ರೌಢಶಾಲೆಯ ಪಾಠ ಪ್ರವೇಶಪರೀಕ್ಷೆಗಾಗಿ, ಕೆಳಗಿನ ಶಾಲೆಯ ಪಾಠ ಪ್ರೌಢಶಾಲೆಗಾಗಿ ಎಂಬಂತೆ, ಪ್ರತಿಯೊಂದು ಮೆಟ್ಟಿಲೂ ತನ್ನ ಮೇಲಿನ ಮೆಟ್ಟಿಲನ್ನು ನೋಡಿಕೊಂಡೇ ನಡೆಯತೊಡಗಿತು. ಅರ್ಧದಲ್ಲಿ ಶಾಲೆ ಬಿಟ್ಟು ಹೊಲಕ್ಕೆ ಮರಳುವ ಮಗುವಿಗೆ ತಾನು ಕಲಿತಷ್ಟು ಏನು ಉಪಯೋಗವಾದೀತೆಂದು ಕೇಳುವವರಿಲ್ಲವಾಯಿತು. ಪರೀಕ್ಷೆಯೇ ವಿದ್ಯೆಯ ಗುರಿಯೆಂಬ ಭಾವನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಅದರ ಬೇರು ಇಲ್ಲಿದೆ.

ಕೆಳಗಿನಿಂದ ಎದ್ದ ದನಿಗಳು

೧೮೮೨ರಲ್ಲಿ ಹಂಟರ್ ಆಯೋಗವು ಶಿಕ್ಷಣದ ಸ್ಥಿತಿಯನ್ನು ವಿಚಾರಿಸಲು ಬಂದಾಗ ಪುಣೆಯ ಜ್ಯೋತಿರಾವ್ ಫುಲೆಯವರು ಒಂದು ನಿವೇದನೆಯನ್ನು ಸಲ್ಲಿಸಿದರು. ಸರ್ಕಾರದ ಬೊಕ್ಕಸ ತುಂಬುವುದು ರೈತರ ಬೆವರಿನಿಂದ. ಅದು ವೆಚ್ಚವಾಗುವುದು ಮಾತ್ರ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಎಂಬುದು ಅವರ ವಾದ. ಹನ್ನೆರಡು ವರ್ಷದವರೆಗಾದರೂ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂದು ಅವರು ಕೇಳಿಕೊಂಡರು. ಆಯೋಗವು ಪ್ರಾಥಮಿಕ ಶಿಕ್ಷಣಕ್ಕೆ ಪ್ರಾಶಸ್ತ್ಯ ಕೊಡಬೇಕೆಂದು ಶಿಫಾರಸು ಮಾಡಿತಾದರೂ, ಅದರ ಭಾರವನ್ನು ಸಾಕಷ್ಟು ವರಮಾನವಿಲ್ಲದ ಸ್ಥಳೀಯ ಸಂಸ್ಥೆಗಳ ಹೆಗಲಿಗೆ ದಾಟಿಸಿತು.

ಕನ್ನಡ ನಾಡಿನಲ್ಲಿ ಈ ಕಾಲದಲ್ಲಿ ನಡೆದ ಪ್ರಯತ್ನಗಳು ಸ್ಮರಣೀಯವಾಗಿವೆ. ಮೈಸೂರು ಸೀಮೆಯಲ್ಲಿ ಬಿ. ಎಲ್. ರೈಸ್ ಅವರು ೧೮೬೮ರಲ್ಲಿ ಹೋಬಳಿಗೊಂದು ಶಾಲೆಯ ಯೋಜನೆಯನ್ನು ಜಾರಿಗೆ ತಂದರು. ಶಾಸನಗಳ ಸಂಪಾದಕರೆಂದು ನಾವು ಗೌರವಿಸುವ ರೈಸ್ ಅವರ ಈ ಸೇವೆಯೂ ಅಷ್ಟೇ ದೊಡ್ಡದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರ ಭಾಗಗಳಲ್ಲಿ ಕನ್ನಡದ ಮಕ್ಕಳು ಮರಾಠಿ ಶಾಲೆಗಳಲ್ಲಿ ಕುಳಿತಿರಬೇಕಾದ ಸ್ಥಿತಿಯಿತ್ತು. ಡೆಪ್ಯೂಟಿ ಚನ್ನಬಸಪ್ಪನವರು (೧೮೩೪–೧೮೮೧) ಶಿಕ್ಷಣಾಧಿಕಾರಿಯಾಗಿ ಊರೂರು ಸುತ್ತಿ, ಕನ್ನಡ ಶಾಲೆಗಳನ್ನು ತೆರೆಯಿಸಿ, ಮಾಸ್ತರರನ್ನು ತರಬೇತುಗೊಳಿಸಿ, ತಾವೇ ಪುಸ್ತಕಗಳನ್ನು ಬರೆದು ಆ ಸ್ಥಿತಿಯನ್ನು ಬದಲಿಸಿದರು. ಉತ್ತರ ಕರ್ನಾಟಕದಲ್ಲಿ ಕನ್ನಡವು ಶಾಲೆಯ ಭಾಷೆಯಾಗಿ ಉಳಿದುದು ಮೇಲಿನ ವಿಶ್ವವಿದ್ಯಾನಿಲಯದಿಂದಲ್ಲ, ಕೆಳಗಿನ ಈ ಪ್ರಾಥಮಿಕ ಶಾಲೆಗಳಿಂದ. ಈ ಮಾತನ್ನು ಸಾಹಿತ್ಯದ ವಿದ್ಯಾರ್ಥಿಗಳು ಎಂದಿಗೂ ಮರೆಯಲಾಗದು.

ಧಾರವಾಡದಲ್ಲಿ ೧೮೮೩ರಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದವರ ಪ್ರಯತ್ನದಿಂದ ಹುಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, ೧೯೦೬ರಲ್ಲಿ ಬಾಗಲಕೋಟೆಯಲ್ಲಿ ಹುಟ್ಟಿದ ಬಸವೇಶ್ವರ ವಿದ್ಯಾವರ್ಧಕ ಸಂಘ, ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಸ್ಥಾಪಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಇವೆಲ್ಲ ಇದೇ ಎಚ್ಚರದ ಫಲಗಳು. ಇವುಗಳೊಡನೆ ಹೆಸರಿಸಬೇಕಾದವು ಮಠಗಳ ಉಚಿತ ಪ್ರಸಾದನಿಲಯಗಳು. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠ, ತುಮಕೂರಿನ ಸಿದ್ಧಗಂಗಾಮಠ, ಸುತ್ತೂರು ಮಠ ಮೊದಲಾದ ಅನೇಕ ಮಠಗಳು ಹಳ್ಳಿಯ ಬಡ ಹುಡುಗರಿಗೆ ಅನ್ನ ವಸತಿಗಳನ್ನು ಕೊಟ್ಟವು. ಶಾಲೆ ಸರ್ಕಾರದ್ದಾಗಿರಲಿ, ಖಾಸಗಿಯದಾಗಿರಲಿ, ಊರಿನಿಂದ ಊರಿಗೆ ಬಂದ ಹುಡುಗನಿಗೆ ಆ ಶಾಲೆಯ ಮೆಟ್ಟಿಲನ್ನು ಹತ್ತುವ ಶಕ್ತಿ ಕೊಟ್ಟದ್ದು ಈ ಪ್ರಸಾದ. ಕೋಡಿಯ ಮಠದ ಶಾಸನದಲ್ಲಿ ಕಂಡ ಪಾಠ ಮತ್ತು ಅನ್ನಗಳ ಜೋಡಿ ಇಲ್ಲಿ ಮತ್ತೆ ಕಾಣಿಸಿಕೊಂಡಿತು. ೧೯೪೧ರಿಂದ ಸಿದ್ಧಗಂಗಾಮಠದ ಅಧ್ಯಕ್ಷರಾಗಿದ್ದು ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಮತಗಳನ್ನು ಎಣಿಸದೆ ಸಾವಿರಾರು ಮಕ್ಕಳನ್ನು ಪೊರೆದ ಸಂಗತಿ ನಾಡಿಗೇ ತಿಳಿದಿದೆ.

ಕಡ್ಡಾಯ ಶಿಕ್ಷಣದ ಕನಸು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೋಪಾಲಕೃಷ್ಣ ಗೋಖಲೆಯವರು ತಳಹದಿಯ ಪ್ರಶ್ನೆಯನ್ನು ದೇಶದ ಶಾಸನಸಭೆಗೇ ಕೊಂಡೊಯ್ದರು. ೧೯೧೧ರಲ್ಲಿ ಅವರು ಮಂಡಿಸಿದ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಬಹಳ ಎಚ್ಚರಿಕೆಯಿಂದ ರಚಿತವಾಗಿತ್ತು. ಆದರೂ ಮರುವರ್ಷ ಅದು ೧೩ ಮತಗಳ ವಿರುದ್ಧ ೩೮ ಮತಗಳಿಂದ ತಿರಸ್ಕೃತವಾಯಿತು. ಬ್ರಿಟಿಷ್ ಭಾರತದಲ್ಲಿ ಸೋತ ಈ ವಿಚಾರಕ್ಕೆ ಮೈಸೂರು ಸಂಸ್ಥಾನದಲ್ಲಿ ಸ್ವಾಗತ ದೊರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೩ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. ೧೯೧೬ರ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯ ಪ್ರಾರಂಭವಾಯಿತು. ಎಚ್. ವಿ. ನಂಜುಂಡಯ್ಯನವರು ಅದರ ಮೊದಲ ಕುಲಪತಿಗಳು. ತಳಹದಿ ಮತ್ತು ಕಳಸಗಳೆರಡನ್ನೂ ಒಟ್ಟಿಗೆ ಚಿಂತಿಸಿದ ಕಾಲವೊಂದಿದ್ದರೆ ಅದು ಇದೇ. ಮುಂದೆ ೧೯೫೬ರಿಂದ ೧೯೬೦ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಆ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಮಾಧ್ಯಮಕ್ಕೆ ಅವಕಾಶ ಮಾಡಿಕೊಟ್ಟು, ಮಾನಸಗಂಗೋತ್ರಿಯನ್ನು ಸ್ಥಾಪಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಅದಕ್ಕೆ ಮೊದಲೇ, ೧೯೪೯ರಲ್ಲಿ, ಹುಟ್ಟಿತ್ತು.

ಸ್ವಾತಂತ್ರ್ಯಾನಂತರ

ಸಂವಿಧಾನದ ೪೫ನೆಯ ಅನುಚ್ಛೇದವು ಹತ್ತು ವರ್ಷಗಳೊಳಗಾಗಿ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡಲು ರಾಜ್ಯವು ಪ್ರಯತ್ನಿಸಬೇಕೆಂದು ನಿರ್ದೇಶಿಸಿತು. ೧೯೫೧ರ ಜನಗಣತಿಯ ಪ್ರಕಾರ ದೇಶದ ಅಕ್ಷರಸ್ಥರು ಶೇಕಡಾ ೧೮ರಷ್ಟು ಮಾತ್ರ. ಇಂಥ ಸ್ಥಿತಿಯಲ್ಲಿ ಸ್ವತಂತ್ರ ಭಾರತ ನೇಮಿಸಿದ ಮೊದಲ ಶಿಕ್ಷಣ ಆಯೋಗ ಯಾವುದು? ೧೯೪೮ರ ರಾಧಾಕೃಷ್ಣನ್ ಆಯೋಗ. ಅದು ವಿಶ್ವವಿದ್ಯಾನಿಲಯಗಳಿಗೆ ಸಂಬಂಧಿಸಿದುದು. ಎರಡನೆಯದು ೧೯೫೨ರ ಮೊದಲಿಯಾರ್ ಆಯೋಗ. ಅದು ಪ್ರೌಢ ಶಿಕ್ಷಣಕ್ಕೆ ಸಂಬಂಧಿಸಿದುದು. ಮೊದಲ ತರಗತಿಯಿಂದ ಹಿಡಿದು ಎಲ್ಲ ಹಂತಗಳನ್ನೂ ಒಂದಾಗಿ ಕಂಡ ಕೊಠಾರಿ ಆಯೋಗ ಬಂದದ್ದು ೧೯೬೪ರಲ್ಲಿ. ಆ ವೇಳೆಗೆ ಸಂವಿಧಾನ ಹೇಳಿದ ಹತ್ತು ವರ್ಷಗಳ ಗಡುವು ಕಳೆದುಹೋಗಿತ್ತು. ಆಳುವವರು ಬದಲಾದರೂ ಮೇಲಿನಿಂದ ಕೆಳಕ್ಕೆ ನೋಡುವ ಅಭ್ಯಾಸ ಬದಲಾಗಿರಲಿಲ್ಲ.

ಈ ಮಾತನ್ನು ನಿಂದೆಗಾಗಿ ಹೇಳುತ್ತಿಲ್ಲ. ಹೊಸ ರಾಷ್ಟ್ರಕ್ಕೆ ವಿಜ್ಞಾನಿಗಳು, ವೈದ್ಯರು, ಇಂಜಿನಿಯರರು ತುರ್ತಾಗಿ ಬೇಕಾಗಿದ್ದರು. ೧೯೫೧ರಲ್ಲಿ ಖರಗ್‌ಪುರದಲ್ಲಿ ಆರಂಭವಾದ ತಾಂತ್ರಿಕ ವಿದ್ಯಾಸಂಸ್ಥೆ ಮತ್ತು ಅದರ ಮುಂದಿನ ಸೋದರ ಸಂಸ್ಥೆಗಳು ದೇಶಕ್ಕೆ ಕೀರ್ತಿ ತಂದವು. ಅಣೆಕಟ್ಟು, ಆಸ್ಪತ್ರೆ, ಕಾರ್ಖಾನೆಗಳನ್ನು ಕಟ್ಟಿದವರು ಇಂಥ ಉನ್ನತ ಶಿಕ್ಷಣದಿಂದಲೇ ಬಂದರು. ಕಳಸ ಬೇಡವೆಂದು ಯಾರೂ ಹೇಳಲಾರರು. ತಳಹದಿಯನ್ನು ಮುಂದಕ್ಕೆ ಹಾಕಿದ್ದರಿಂದ ಆದ ನಷ್ಟವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿಯೊಂದು ದಶಕದಲ್ಲಿಯೂ ಕೋಟ್ಯಂತರ ಮಕ್ಕಳು ಎರಡನೆಯ ಬಾರಿ ದೊರೆಯದ ತಮ್ಮ ಬಾಲ್ಯವನ್ನು ಶಾಲೆಯ ಹೊರಗೆ ಕಳೆದರು. ಆ ನಷ್ಟವನ್ನು ಯಾವ ಮುಂದಿನ ಯೋಜನೆಯೂ ತುಂಬಿಕೊಡಲಾರದು.

ಇಂದಿನ ಮೆಟ್ಟಿಲುಗಳು

ಕೊಠಾರಿ ಆಯೋಗದ ಸಲಹೆಯಂತೆ ಹತ್ತು ವರ್ಷ ಶಾಲೆ, ಎರಡು ವರ್ಷ ಅದರ ಮುಂದಿನ ಹಂತ, ಮೂರು ವರ್ಷ ಪದವಿ ಎಂಬ ಕ್ರಮ ದೇಶದಲ್ಲಿ ಕ್ರಮೇಣ ನೆಲೆಗೊಂಡಿತು. ಕರ್ನಾಟಕದಲ್ಲಿ ಒಂದರಿಂದ ಏಳರವರೆಗೆ ಪ್ರಾಥಮಿಕ, ಎಂಟರಿಂದ ಹತ್ತರವರೆಗೆ ಪ್ರೌಢಶಾಲೆ ಎಂಬುದು ರೂಢಿಯ ವಿಭಾಗ. ಈಗ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಎಂಟನೆಯ ತರಗತಿಯೂ ಇದೆ. ಹತ್ತನೆಯ ತರಗತಿಯ ಕೊನೆಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ. ಅನಂತರ ಎರಡು ವರ್ಷಗಳ ಪಿ.ಯು.ಸಿ.; ಅಲ್ಲಿ ಕಲೆ, ವಾಣಿಜ್ಯ, ವಿಜ್ಞಾನಗಳೆಂದು ದಾರಿ ಕವಲೊಡೆಯುತ್ತದೆ. ವೃತ್ತಿಶಿಕ್ಷಣಕ್ಕೆ ಪ್ರವೇಶಪರೀಕ್ಷೆಗಳುಂಟು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಕರ್ನಾಟಕವು ೨೦೨೧ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಆರಂಭಿಸಿ, ೨೦೨೪ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ೧೯೭೬ರ ಸಂವಿಧಾನ ತಿದ್ದುಪಡಿಯಿಂದ ಶಿಕ್ಷಣವು ಕೇಂದ್ರ ಮತ್ತು ರಾಜ್ಯಗಳೆರಡರ ಪಟ್ಟಿಗೂ ಸೇರಿರುವುದರಿಂದ ಇಂಥ ಹೊಯ್ದಾಟಗಳಿಗೆ ಅವಕಾಶವಿದೆ.

ಮೇಲಿನ ಹಂತದ ಬೆಳವಣಿಗೆ ಬೆರಗು ಹುಟ್ಟಿಸುವಂಥದು. ೨೦೨೧–೨೨ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ೧,೧೬೮ ವಿಶ್ವವಿದ್ಯಾನಿಲಯ ಮಟ್ಟದ ಸಂಸ್ಥೆಗಳೂ ೪೫,೦೦೦ಕ್ಕೂ ಮಿಕ್ಕ ಕಾಲೇಜುಗಳೂ ಇದ್ದವು. ಆದರೂ ಕಾಲೇಜಿನ ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ಉನ್ನತ ಶಿಕ್ಷಣದಲ್ಲಿ ದಾಖಲಾದವರ ಪ್ರಮಾಣ ಶೇಕಡಾ ೨೮ರಷ್ಟೇ. ಮೆಟ್ಟಿಲುಗಳ ತುದಿಯಲ್ಲಿ ಸ್ಥಳವಿಲ್ಲವೆಂಬುದು ಮಾತ್ರವೇ ಇದರ ಕಾರಣವಲ್ಲ. ಕೆಳಗಿನ ಮೆಟ್ಟಿಲುಗಳಲ್ಲಿಯೇ ಹಲವರು ಕಾಲು ಜಾರಿದ್ದಾರೆ.

ತಳಹದಿಯ ಕೆಲಸ

ತಳಹದಿಯ ಕಡೆಗೆ ದೇಶದ ಗಮನ ನಿಜವಾಗಿ ಹರಿದುದು ಇತ್ತೀಚಿನ ದಶಕಗಳಲ್ಲಿ. ಇದರಲ್ಲಿ ಕರ್ನಾಟಕದ ಪಾಲು ಚಿಕ್ಕದಲ್ಲ. ೧೯೭೫ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ ೩೩ ಕಡೆ ಆರಂಭವಾದಾಗ ಮೈಸೂರು ಜಿಲ್ಲೆಯ ಟಿ. ನರಸೀಪುರ ಅವುಗಳಲ್ಲಿ ಒಂದಾಗಿತ್ತು. ಅಂಗನವಾಡಿಗಳು ಹೀಗೆ ನಮ್ಮ ನಾಡಿಗೆ ಬಂದವು. ವೈದ್ಯಕೀಯ ಕಾಲೇಜಿನ ಶುಲ್ಕದ ಬಗೆಗೆ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೨ರಲ್ಲಿ ಶಿಕ್ಷಣವು ಜೀವಿಸುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಮರುವರ್ಷದ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಆ ಹಕ್ಕು ಹದಿನಾಲ್ಕು ವರ್ಷದವರೆಗೆ ಮೂಲಭೂತವೆಂದು ನಿರ್ಣಯವಾಯಿತು. ಇದರಿಂದಲೇ ೨೦೦೨ರ ಸಂವಿಧಾನ ತಿದ್ದುಪಡಿಗೂ ೨೦೦೯ರ ಶಿಕ್ಷಣ ಹಕ್ಕು ಕಾಯಿದೆಗೂ ದಾರಿಯಾಯಿತು. ಕಳಸದ ವಿಷಯದಲ್ಲಿ ಎದ್ದ ವ್ಯಾಜ್ಯವು ಕೊನೆಗೆ ತಳಹದಿಯನ್ನು ತೋಡಿಸಿದುದು ಇತಿಹಾಸದ ವಿಚಿತ್ರವೇ ಸರಿ.

೧೯೯೫ರಲ್ಲಿ ಮೈಸೂರು ಜಿಲ್ಲೆಯ ಎಚ್. ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆರಂಭಿಸಿದ ನಲಿ ಕಲಿ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು, ತಮ್ಮ ತಮ್ಮ ವೇಗದಲ್ಲಿ, ಒಬ್ಬರಿಗೊಬ್ಬರು ನೆರವಾಗುತ್ತ ಕಲಿಯುತ್ತಾರೆ. ಕ್ಯಾಂಬೆಲ್ ಕಂಡು ಮೆಚ್ಚಿದ ಕೂಲಿಮಠದ ಗುಣವೊಂದು, ಕೋದಂಡದ ಶಿಕ್ಷೆಯನ್ನು ಬಿಟ್ಟು, ಮತ್ತೆ ಮರಳಿ ಬಂದಂತೆ ತೋರುತ್ತದೆ. ೨೦೦೨ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ನಾಡಿನಾದ್ಯಂತ ಹಬ್ಬಿದ ಬಿಸಿಯೂಟದ ಯೋಜನೆಗೆ ಸರ್ಕಾರವು ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ಪರಿಭಾಷೆಯ ಪದವೊಂದು ಸರ್ಕಾರಿ ಕಡತಕ್ಕೆ ಸೇರಿದುದು ಬರಿಯ ಅಲಂಕಾರಕ್ಕಾಗಿಯಲ್ಲ. ಹಸಿದ ಮಗುವಿಗೆ ಅಕ್ಷರ ಹತ್ತದು ಎಂಬ, ಕೋಡಿಯ ಮಠ ಬಲ್ಲ, ಕ್ಯಾಂಬೆಲ್ ಕಂಡ, ಪ್ರಸಾದನಿಲಯಗಳು ಆಚರಿಸಿದ ಸತ್ಯವನ್ನು ರಾಜ್ಯವು ಕೊನೆಗೂ ತನ್ನ ಕರ್ತವ್ಯವೆಂದು ಒಪ್ಪಿಕೊಂಡಿತು.

ಆದರೂ ತಳಹದಿ ಪೂರ್ಣವಾ­ಗಿಲ್ಲ. ಶಿಕ್ಷಣದ ಹಕ್ಕು ಆರು ವರ್ಷದಿಂದ ಪ್ರಾರಂಭವಾಗುತ್ತದೆ. ಆರರ ಒಳಗಿನ ಮಗುವಿನ ಪಾಲಿಗೆ ಸಂವಿಧಾನದಲ್ಲಿರುವುದು ಈಗಲೂ ಹಕ್ಕಲ್ಲ, ರಾಜ್ಯವು ಪ್ರಯತ್ನಿಸಬೇಕೆಂಬ ನಿರ್ದೇಶನ ಮಾತ್ರ. ೨೦೨೦ರ ನೀತಿಯು ಮೂರನೆಯ ವರ್ಷದಿಂದಲೇ ಕಲಿಕೆಯ ಮೆಟ್ಟಿಲುಗಳನ್ನು ಎಣಿಸಿದೆಯೆಂಬುದು ಸಂತೋಷದ ಸಂಗತಿ. ಎಣಿಸಿದ ಮಾತ್ರಕ್ಕೆ ಮೆಟ್ಟಿಲು ಕಟ್ಟಿದಂತಾಗದು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಿಗೆ ವೇತನಶ್ರೇಣಿಯಿದೆ. ಅಂಗನವಾಡಿಯಲ್ಲಿ ಮಗುವಿನ ಕೈಹಿಡಿದು ಮೊದಲ ಬಾರಿಗೆ ಕೂಡಿಸುವ, ಉಣಿಸುವ, ಹಾಡಿಸುವ ತಾಯಿಗೆ ದೊರೆಯುವುದು ಗೌರವಧನ. ಕೂಲಿಮಠದ ಅಯ್ಯನವರಿಗೆ ಊರವರು ಕೊಡುತ್ತಿದ್ದ ಕೂಲಿಗೂ ಇದಕ್ಕೂ ಹೆಸರಿನಲ್ಲಷ್ಟೇ ಭೇದ. ರಾಷ್ಟ್ರೀಯ ಆದಾಯದ ಶೇಕಡಾ ಆರರಷ್ಟನ್ನು ಶಿಕ್ಷಣಕ್ಕೆ ವೆಚ್ಚಮಾಡಬೇಕೆಂದು ಕೊಠಾರಿ ಆಯೋಗ ಹೇಳಿತ್ತು. ೨೦೨೦ರ ನೀತಿಯೂ ಅದೇ ಆರನ್ನೇ ಮತ್ತೆ ಹೇಳಬೇಕಾಯಿತು.

ಉಪಸಂಹಾರ

ಮೇಲ್ಕಂಡ ಇತಿಹಾಸದಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ವಿದ್ಯೆಯು ಮೇಲಿನಿಂದ ಸೋಸಿ ಕೆಳಗಿಳಿಯುತ್ತದೆಂಬ ಮಾತು ಎಂದೂ ನಿಜವಾಗಲಿಲ್ಲ. ಕೆಳಗಿನವರಿಗೆ ವಿದ್ಯೆ ದೊರೆತಾಗಲೆಲ್ಲ ಅದು ಚನ್ನಬಸಪ್ಪನವರಂತೆ, ಫುಲೆಯವರಂತೆ ಯಾರೋ ಕೆಳಗೇ ನಿಂತು ದುಡಿದುದರಿಂದ ದೊರೆಯಿತು. ಎರಡನೆಯದಾಗಿ, ಅನ್ನವಿಲ್ಲದ ಪಾಠ ಬಡವನ ಮಗುವನ್ನು ತಲುಪಲಿಲ್ಲ.

ನಮ್ಮ ಸಂಘಸಂಸ್ಥೆಗಳೂ ಈ ಇತಿಹಾಸದಲ್ಲಿ ತಮ್ಮ ಮುಖವನ್ನು ನೋಡಿಕೊಳ್ಳುವುದು ಒಳ್ಳೆಯದು. ಪ್ರಸಾದನಿಲಯದಿಂದ ಪ್ರಾರಂಭವಾದ ಪಯಣವು ಇಂದು ವೈದ್ಯಕೀಯ, ತಾಂತ್ರಿಕ ಕಾಲೇಜುಗಳವರೆಗೂ ವಿಶ್ವವಿದ್ಯಾನಿಲಯಗಳವರೆಗೂ ಬಂದಿದೆ. ಅದು ಹೆಮ್ಮೆಯ ವಿಷಯ. ಆದರೆ ನಮ್ಮ ಭಕ್ತರು ದತ್ತಿ ಕೊಡುವಾಗ, ನಮ್ಮ ಸಂಸ್ಥೆಗಳು ಹೊಸ ಕಟ್ಟಡಕ್ಕೆ ಅಡಿಗಲ್ಲಿಡುವಾಗ, ಆ ಊರಿನ ಅಂಗನವಾಡಿಗೆ ಸೂರು ಗಟ್ಟಿಯಾಗಿದೆಯೇ, ಅಲ್ಲಿಯ ಕನ್ನಡ ಶಾಲೆಗೆ ಮಾಸ್ತರರಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿದರೆ, ಇನ್ನೂರು ವರ್ಷಗಳಿಂದ ತಲೆಕೆಳಗಾಗಿ ನಡೆದ ಕೆಲಸವನ್ನು ನಮ್ಮ ಮಟ್ಟಿಗಾದರೂ ಸರಿಪಡಿಸಿದಂತಾದೀತು. ಕಳಸ ಆಗಲೇ ಮೇಲೆ ಹೊಳೆಯುತ್ತಿದೆ. ಇನ್ನು ನಮ್ಮ ಕೈ ತಳಹದಿಯ ಕಲ್ಲಿಗೆ ಹೋಗಬೇಕು.